ಮೊದಲ ಹತ್ತು ಹಾಳು

ಮೊದಲ ಹತ್ತು ಹಾಳು ಎಂದುಕೋ, ಅಂದ ಇನಾಸ ಬಾಬ,
ಅಚ್ಚು ಇನ್ನೂ ತಣ್ಣಗಿದೆ, ನೀನೂ ಅಷ್ಟೆ.

ಕೋಡಿಬಾಗದಲ್ಲಿ, ಅವನ ಮನೆಯ ಹಿಂದೆ,
ಕಾಳಿ ಕಡಲಿಗೆ ಸೇರುವುದು ಕೇಳುವಷ್ಟು ದೂರದಲ್ಲಿ
ಮೂರು ಚಿರೆಕಲ್ಲು, ಒಂದು ಪಂಪಿನ ಸ್ಟವ್,
ಇನ್ನೆಂದೂ ಒಗ್ಗರಣೆ ಕಾಣದ ಕಬ್ಬಿಣದ ಬಾಣಲೆ.
ಹೆದ್ದಾರಿಯ ಪಂಕ್ಚರ್ ಅಂಗಡಿಯಿಂದ ಹೊತ್ತು ತಂದ
ಚಕ್ರದ ತೂಕದ ತುಣುಕು ಅರ್ಧ ಗೋಣಿ.
ಕರಗಿತು. ಲಾರಿಗಳ ಗ್ರೀಸು, ಗೋವೆಯಿಂದ ಇಲ್ಲಿಯವರೆಗಿನ ಧೂಳು
ಮೇಲೆ ತೇಲಿ ಕಿಟ್ಟವಾಯಿತು.
ಇಗರ್ಜಿಯ ಮೇಣದಬತ್ತಿಯ ತುಂಡೊಂದು ಹಾಕಿದ,
ಭಗ್ಗೆಂದಿತು, ಹೊಗೆ.
ಹಾಲಿನ ಕೆನೆ ತೆಗೆದ ಹಾಗೆ ಸೌಟಿನಲ್ಲಿ ತೆಗೆದ.
ಕೆಳಗೆ ಕನ್ನಡಿ.
ಅದರಲ್ಲಿ ನನ್ನ ಐವತ್ತೊಂದು ವರ್ಷದ ಮುಖ
ಮೂಗುತಿ ಸಮೇತ.

ನಾನು ಅಕ್ಕಸಾಲಿಯ ಮಗಳು.
ಅಪ್ಪ, ದತ್ತಾರಾಮ ರಾಯ್ಕರ,
ಮೂಸೆಯ ಹತ್ತಿರ ಹೆಣ್ಣುಮಕ್ಕಳನ್ನು ಬಿಟ್ಟವನಲ್ಲ.
ಬಂಗಾರ ಕರಗುವಾಗ ಬಾಗಿಲಿಗೆ ಅಗಳಿ.
ಅಂಗಡಿ ಗುಡಿಸಿದ ಕಸವನ್ನೂ ತೊಳೆದು ಸೋಸುವ ಕಸುಬು ಅದು,
ಒಂದು ಹನಿ ಚೆಲ್ಲಿದರೆ ಮನೆತನವೇ ಚೆಲ್ಲಿದ ಹಾಗೆ.
ಅಣ್ಣ ಕರೆಂಟಿನ ತಕ್ಕಡಿ ತಂದ ಮೇಲೆ
ಹಳೆಯದು ನನಗೆ ಬಂತು, ಗುಲಗಂಜಿಯ ಡಬ್ಬಿಯೊಂದಿಗೆ.

ಸೀಸ ಚೆಲ್ಲಿದರೆ ಚೆಲ್ಲಲಿ.
ಆರಲಿ, ಹೆಕ್ಕು, ಮತ್ತೆ ಬಾಣಲೆಗೆ.
ನೀರಿಗೆ ಮಾತ್ರ ಅದರ ಬಳಿ ಕ್ಷಮೆಯಿಲ್ಲ.
ಬೆವರ ಹನಿ ಬಿದ್ದರೂ ಸಿಡಿದು ಕಣ್ಣಿಗೆ ಬರುತ್ತದೆ, ಬಾಯೆ.
ಕಾರವಾರದಲ್ಲಿ, ಮೇ ತಿಂಗಳಲ್ಲಿ, ಬೆವರಬೇಡ ಅನ್ನುತ್ತಾನೆ!
ಹಣೆಗೆ ಟವೆಲು ಬಿಗಿದೆ,
ಅವನ ಮಗನ ವೆಲ್ಡಿಂಗ್ ಕನ್ನಡಕ, ಮೊಳಕೈವರೆಗೆ ಚರ್ಮದ ಗವಸು.
ನೆರೆಮನೆಯ ಮೋಹಿನಿ ತಾಂಡೇಲ ಬೇಲಿಯಾಚೆ ನಿಂತು
ಬಾಂಗಡೆ ಕೊಯ್ಯುವುದನ್ನೇ ಮರೆತಳು.

ಮೊದಲನೆಯದು ಒಣದ್ರಾಕ್ಷಿಯ ಹಾಗೆ ಸುಕ್ಕು.
ಎರಡನೆಯದಕ್ಕೆ ಹೊಟ್ಟೆಯೇ ಇಲ್ಲ.
ಏಳನೆಯದು ಅಚ್ಚು ಬಿಟ್ಟು ಬರಲೊಲ್ಲದು,
ಕೀಲಿಗೆ ಕೊಡತಿಯಿಂದ ತಟ್ಟಿದೆ, ಒಮ್ಮೆ, ಇನ್ನೊಮ್ಮೆ,
ಟಪ್ಪೆಂದು ಗೋಣಿಯ ಮೇಲೆ ಬಿತ್ತು, ಅರ್ಧ.
ಹನ್ನೆರಡೋ ಹದಿಮೂರೋ, ಎಣಿಕೆ ತಪ್ಪಿತ್ತು,
ದುಂಡಗೆ, ನುಣ್ಣಗೆ ಒಂದು ಉರುಳಿತು.
ಮುಟ್ಟಬೇಡ, ಅಂದ. ಮುಟ್ಟಿದೆ. ಗುಳ್ಳೆ ಎದ್ದಿತು.

ಆಮೇಲೆ ಬಂದವೆಲ್ಲ ಅವಳಿ ಜವಳಿ,
ಕಣ್ಣು ಒಪ್ಪಿತು, ತಕ್ಕಡಿ ಒಪ್ಪಲಿಲ್ಲ.
ಎಲ್ಲಕ್ಕಿಂತ ಹೊಳೆಯುವ ಒಂದು
ಎಂಟು ಗುಂಜಿ ಹಗುರ.
ಇನಾಸ ಬಾಬ ತಿರುಗಿಸಿ ತಿರುಗಿಸಿ ನೋಡಿದ, ನಂಬಲಿಲ್ಲ.
ಗರಗಸ ಹಾಕಿ ಸೀಳಿದೆವು.
ನಟ್ಟನಡುವೆ ಗಾಳಿಯ ಗುಳಿ,
ಮೆಣಸಿನ ಕಾಳಿಗಿಂತ ತುಸು ದೊಡ್ಡದು.
ನಲವತ್ತು ವರ್ಷ ಗುಂಡು ಹೊಯ್ದವನು
ಒಳಗೆ ಹೋಗಿ ನನಗೊಂದು ಸ್ಟೂಲು ತಂದಿಟ್ಟ.

ಕೋವಿ ಅವನದ್ದು, ಒಂಟಿ ನಳಿಗೆಯದು, ಬೆಳೆ ಕಾಯಲು ಕೊಟ್ಟ ಪರವಾನಗಿ.
ಚುನಾವಣೆಗೆಂದು ಠಾಣೆಯಲ್ಲಿಟ್ಟ ರಸೀದಿ
ಇನ್ನೂ ಕ್ಯಾಲೆಂಡರಿಗೆ ಚುಚ್ಚಿಕೊಂಡಿದೆ.
ಗೆದ್ದವರ ಹಾರ ಬಾಡಿ ವರ್ಷವಾಯಿತು, ತರಲು ಹೋಗಿಲ್ಲ.
ಕಣ್ಣಿಗೆ ಪೊರೆ ಬಂದಿದೆ, ಬಾಯೆ,
ಹಂದಿ ಯಾವುದು, ಪೇದ್ರುವಿನ ಎಮ್ಮೆ ಯಾವುದು
ಗೊತ್ತಾಗುವುದಿಲ್ಲ.

ಮತ್ತೆ ಈ ಗುಂಡು ಯಾಕೆ?
ಕೇಳಿದ್ದು ಮೋಹಿನಿ.
ನಾವಿಬ್ಬರೂ ಬಾಣಲೆ ನೋಡಿದೆವು.
ಅವಳೇ ಮುಂದುವರಿಸಿದಳು: ಗಂಡನ ಬೀಸುಬಲೆಯ ಅಂಚಿಗೆ
ಅರವತ್ತು ಬೇಕು, ತೂತು ಕೊರೆದು ಕೊಡ್ತೀರಾ?
ಪೇಟೆಯಲ್ಲಿ ಕಿಲೋಗೆ ಏನು ರೇಟು ಗೊತ್ತುಂಟಾ?
ಕೊಟ್ಟೆ. ಸುಕ್ಕಿನವನ್ನೇ ಆರಿಸಿ ಕೊಟ್ಟೆ,
ಮೀನಿಗೆ ಮುಖ ನೋಡುವ ಪುರುಸೊತ್ತಿಲ್ಲ.
ಚೆಂದದವು ಬಿಸ್ಕೆಟ್ ಡಬ್ಬಿಯಲ್ಲಿವೆ, ಸುಮ್ಮನೆ.
ರಾತ್ರಿ ಡಬ್ಬಿ ಎತ್ತಿದರೆ
ಕೈ ಕೆಳಗೆ ಹೋಗುತ್ತದೆ, ಅದೊಂದು ಖುಷಿ.

ಸೀಳಿದ ಹೋಳು ಮಾತ್ರ ಮತ್ತೆ ಕರಗಿಸಲಿಲ್ಲ.
ಅಪ್ಪನ ಡಬ್ಬಿಯಲ್ಲಿ ಇಟ್ಟಿದ್ದೇನೆ.
ಆ ಗುಳಿಯಲ್ಲಿ ಒಂದು ಗುಲಗಂಜಿ
ಅಲುಗದೆ ಕೂರುತ್ತದೆ.

ಭಾನುವಾರ ಪಂಕ್ಚರ್ ಅಂಗಡಿಗೆ ಹೋಗಬೇಕು.
ಗೋಣಿ ಖಾಲಿ.